ಚಿನ್ನ ಕೊಟ್ಟ ನೆಲ ಕಲ್ಲಿದ್ದಲು ಕೊಡಲಿಲ್ಲವೇಕೆ?

ರಾಯಚೂರು ಜಿಲ್ಲೆಯ ನಕ್ಷೆಯನ್ನು ಒಮ್ಮೆ ಹರಡಿಕೊಂಡು ನೋಡಿ. ಪಶ್ಚಿಮಕ್ಕೆ ಲಿಂಗಸುಗೂರು ತಾಲ್ಲೂಕಿನ ಹಟ್ಟಿ. ದೇಶದಲ್ಲಿ ಇವತ್ತು ನೆಲದೊಳಗಿಂದ ಚಿನ್ನ ಬರುತ್ತಿದೆ ಎಂದರೆ ಅದರ ಬಹುಪಾಲು ಇಲ್ಲಿಯದೇ. ಉತ್ತರಕ್ಕೆ ಕೃಷ್ಣೆಯ ದಂಡೆಯ ಶಕ್ತಿನಗರ. 1985ರಿಂದ ನಾಡಿಗೆ ಬೆಳಕು ಕೊಡುತ್ತಾ ಬಂದ ಶಾಖೋತ್ಪನ್ನ ವಿದ್ಯುತ್ ಕೇಂದ್ರ. ಎಂಟು ಘಟಕ, 1,720 ಮೆಗಾವಾಟ್ ಸಾಮರ್ಥ್ಯ. ಹಟ್ಟಿಯ ಗಣಿ ತನ್ನ ಕಾಲ ಕೆಳಗಿನ ಅದಿರನ್ನೇ ತೆಗೆದು ಬದುಕುತ್ತಿದೆ. ಶಕ್ತಿನಗರದ ಕುಲುಮೆಗೆ ಬೀಳುವ ಕಲ್ಲಿದ್ದಲಿನಲ್ಲಿ ಮಾತ್ರ ಒಂದು ಹಿಡಿಯೂ ಕರ್ನಾಟಕದ್ದಲ್ಲ. ತೆಲಂಗಾಣದ ಸಿಂಗರೇಣಿಯಿಂದ, ಒಡಿಶಾದ ಮಹಾನದಿ ಕಣಿವೆಯಿಂದ, ಮಹಾರಾಷ್ಟ್ರದ ಚಂದ್ರಪುರದ ಕಡೆಯಿಂದ ಅದು ಗೂಡ್ಸ್ ರೈಲಿನಲ್ಲಿ ಬರಬೇಕು. ಅಲ್ಲಿ ಜೋರು ಮಳೆ ಹಿಡಿದು ಗಣಿಗೆ ನೀರು ನುಗ್ಗಿತೆಂದರೆ ಇಲ್ಲಿ ಘಟಕ ನಿಲ್ಲುವ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ.

ಚಿನ್ನ, ಕಬ್ಬಿಣ, ಮ್ಯಾಂಗನೀಸ್, ಸುಣ್ಣದಕಲ್ಲು, ದೇಶ ವಿದೇಶಗಳಿಗೆ ಹೋಗುವ ಗ್ರಾನೈಟ್ ಇವೆಲ್ಲ ಇರುವ ನಾಡಿನಲ್ಲಿ ಕಲ್ಲಿದ್ದಲು ಯಾಕಿಲ್ಲ? ಎಣ್ಣೆ ಬಾವಿ ಯಾಕಿಲ್ಲ? ಇದನ್ನು ದುರದೃಷ್ಟ ಎಂದು ಬಿಡುವಂತಿಲ್ಲ. ಸರಿಯಾಗಿ ಹುಡುಕಿಲ್ಲ, ಅಧಿಕಾರಿಗಳಿಗೆ ಆಸಕ್ತಿಯಿಲ್ಲ ಎಂದು ದೂರುವವರೂ ಇದ್ದಾರೆ, ಅದೂ ಸರಿಯಲ್ಲ. ಸುತ್ತಿಗೆ, ದಿಕ್ಸೂಚಿ, ಭೂತಗನ್ನಡಿ ಹಿಡಿದು ಈ ನೆಲವನ್ನು ಹೆಜ್ಜೆ ಹೆಜ್ಜೆಗೂ ಓದಿದ ಭೂವಿಜ್ಞಾನಿಗಳು ನೂರೈವತ್ತು ವರ್ಷದ ದುಡಿಮೆಯಲ್ಲಿ ಕೊಟ್ಟ ಉತ್ತರ ಒಂದಿದೆ. ‘ಇಲ್ಲಿ ಇದು ಸಿಗುವುದಿಲ್ಲ, ಯಾಕೆಂದರೆ...’ ಎಂದು ಶುರುವಾಗುವ ಉತ್ತರ ಅದು. ‘ಇಲ್ಲಿ ಇದೆ’ ಎಂಬ ಶೋಧಕ್ಕೆ ಸನ್ಮಾನ ಸಿಗುತ್ತದೆ, ಸುದ್ದಿಯಾಗುತ್ತದೆ. ಕಾರಣಸಮೇತ ‘ಇಲ್ಲ’ ಎಂದು ಹೇಳಿದ ಸಂಶೋಧನೆಯನ್ನು ಯಾರೂ ನೆನೆಯುವುದಿಲ್ಲ. ಆದರೆ ನಾಡಿನ ಹಣ, ಕಾಲ ಎರಡನ್ನೂ ಹೆಚ್ಚು ಉಳಿಸಿಕೊಟ್ಟದ್ದು ಆ ಉತ್ತರವೇ ಎಂಬುದು ನನ್ನ ನಂಬಿಕೆ.

ಕಲ್ಲಿನ ವಯಸ್ಸು, ಗಿಡದ ವಯಸ್ಸು

ಉತ್ತರದ ಮೊದಲ ಅರ್ಧ ವಯಸ್ಸಿನಲ್ಲಿದೆ. ಹಾಸನ ಜಿಲ್ಲೆಯ ಗೊರೂರಿನ ಸುತ್ತಮುತ್ತ ಕಾಣುವ ಪಟ್ಟೆಪಟ್ಟೆಯ ನೈಸ್ ಶಿಲೆಗೆ 330 ಕೋಟಿ ವರ್ಷ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರವನ್ನು ಹೊತ್ತಿರುವ ಬಂಡೆಗೆ ಹತ್ತಿರ ಹತ್ತಿರ 300 ಕೋಟಿ. ಚಿತ್ರದುರ್ಗ, ಶಿವಮೊಗ್ಗ, ಸಂಡೂರು, ಗದಗಗಳಲ್ಲಿ ಉದ್ದುದ್ದ ಪಟ್ಟಿಗಳಾಗಿ ಮಲಗಿರುವ ಧಾರವಾಡ ಶಿಲೆಗಳು ಅದಕ್ಕಿಂತ ತುಸು ಕಿರಿಯವು. ರಾಮನಗರದ ಗುಡ್ಡಗಳನ್ನು ಕಟ್ಟಿರುವ ಕ್ಲೋಸ್‌ಪೇಟೆ ಗ್ರಾನೈಟ್ 250 ಕೋಟಿ ವರ್ಷದ ಹಿಂದೆ ಆಳದಿಂದ ಉಕ್ಕಿ ಬಂದು ಹೆಪ್ಪುಗಟ್ಟಿದ್ದು. ತೆಂಕಣದಿಂದ ಬಡಗಣಕ್ಕೆ ಸುಮಾರು 400 ಕಿಲೋಮೀಟರ್ ಚಾಚಿಕೊಂಡಿದೆ. ಭೂಮಿಗೇ ವಯಸ್ಸು 454 ಕೋಟಿ ವರ್ಷ ಎಂಬುದನ್ನು ನೆನೆದರೆ ನಮ್ಮ ನಾಡಿನ ತಳಪಾಯ ಎಷ್ಟು ಹಿಂದಿನದು ಎಂಬುದು ತಿಳಿಯುತ್ತದೆ.

ಇಷ್ಟು ಖಚಿತವಾಗಿ ಹೇಳುವುದು ಹೇಗೆ? ಜಿರ್ಕಾನ್ ಎಂಬ ಖನಿಜದ ಹರಳು ಇದಕ್ಕೆ ಸಾಕ್ಷಿ ನುಡಿಯುತ್ತದೆ. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಪುಟ್ಟ ಹರಳು. ಕರಗಿದ ಶಿಲಾಪಾಕ ತಣಿದು ಈ ಹರಳು ಕಟ್ಟುವಾಗ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹೊರಗೇ ಇಡುತ್ತದೆ. ಒಳಗೆ ಸೇರಿದ ಯುರೇನಿಯಂ ತನ್ನಷ್ಟಕ್ಕೆ ತಾನೇ ನಿಧಾನವಾಗಿ ಸೀಸವಾಗಿ ಬದಲಾಗುತ್ತದೆ. ಎಷ್ಟು ನಿಧಾನ ಎಂದರೆ, ಯುರೇನಿಯಂ-238 ಅರ್ಧಕ್ಕಿಳಿಯಲು ಸುಮಾರು 447 ಕೋಟಿ ವರ್ಷ ಬೇಕು. ಹರಳಿನಲ್ಲಿ ಈಗ ಇರುವ ಸೀಸವೆಲ್ಲ ಹುಟ್ಟಿದ ಮೇಲೆ ಕೂಡಿದ್ದು. ಎರಡರ ಪ್ರಮಾಣ ಅಳೆದರೆ ವಯಸ್ಸು ಸಿಕ್ಕಿತು. ಆದರೆ ಅಳೆಯುವ ಯಂತ್ರಕ್ಕೆ ಹರಳು ಸೇರುವ ಮೊದಲು ಬಹಳ ಕೆಲಸವಿದೆ. ಬಂಡೆಯ ಯಾವ ಭಾಗ ಹಳೆಯದು, ಯಾವುದು ಆಮೇಲೆ ನುಸುಳಿ ಬಂದ ಎಳೆ ಎಂದು ಹೊಲದಲ್ಲಿ ನಿಂತು ಗುರುತಿಸಬೇಕು. ತುಂಡು ತಂದು, ಬೆಳಕು ಹಾಯುವಂತೆ ಮಿಲಿಮೀಟರಿನ ನೂರನೇ ಮೂರು ಭಾಗದಷ್ಟು ತೆಳುವಾಗಿ ಅರೆದು ಸೂಕ್ಷ್ಮದರ್ಶಕದ ಕೆಳಗೆ ನೋಡಬೇಕು. ಬೂದು ಬಣ್ಣದ ಸಾದಾ ಬಂಡೆ ಆಗ ನೀಲಿ, ಹಳದಿ, ಗುಲಾಬಿ ಬಣ್ಣಗಳಲ್ಲಿ ತೆರೆದುಕೊಳ್ಳುತ್ತದೆ. ಭೂವಿಜ್ಞಾನ ಓದುವ ಹುಡುಗ ಹುಡುಗಿಯರು ಈ ಶಾಸ್ತ್ರಕ್ಕೆ ಮನಸೋಲುವುದು ಅನೇಕ ಸಲ ಈ ಹೊತ್ತಿನಲ್ಲೇ.

ಈಗ ಗಿಡಮರಗಳ ವಯಸ್ಸು ನೋಡೋಣ. ನೆಲದ ಮೇಲೆ ಸಸ್ಯ ಕಾಲೂರಿದ್ದು ಸುಮಾರು 47 ಕೋಟಿ ವರ್ಷದ ಹಿಂದೆ. ಕಾಡು ಎನ್ನುವಂಥದ್ದು ಬೆಳೆದದ್ದು 38 ಕೋಟಿ ವರ್ಷದ ಈಚೆಗೆ. ಕಲ್ಲಿದ್ದಲು ಎಂದರೆ ಜೌಗಿನಲ್ಲಿ ಬಿದ್ದು, ಕೊಳೆಯಲು ಗಾಳಿ ಸಿಗದೆ, ಮಣ್ಣಿನಡಿ ಹೂತು, ಒತ್ತಡಕ್ಕೂ ಕಾವಿಗೂ ಸಿಕ್ಕಿ ಗಟ್ಟಿಯಾದ ಕಾಡು. ಅಂದಮೇಲೆ 300 ಕೋಟಿ ವರ್ಷದ ಬಂಡೆಯಲ್ಲಿ ಕಲ್ಲಿದ್ದಲು ಹುಡುಕುವುದರಲ್ಲಿ ಅರ್ಥವೇ ಇಲ್ಲ. ಆ ಬಂಡೆ ಹುಟ್ಟಿದಾಗ ಭೂಮಿಯ ಮೇಲೆ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ.

ಇದು ಅರ್ಧ ಉತ್ತರ ಮಾತ್ರ. ಯಾಕೆಂದರೆ ಜಾರ್ಖಂಡ್, ಒಡಿಶಾ, ಛತ್ತೀಸಗಢಗಳ ತಳಪಾಯವೂ ನಮ್ಮದರಷ್ಟೇ ಹಳೆಯದು. ಅಲ್ಲಿ ಕಲ್ಲಿದ್ದಲಿದೆಯಲ್ಲ?

ಕುಸಿದ ಕಣಿವೆಗಳ ಪುಣ್ಯ

ಸುಮಾರು 30 ಕೋಟಿ ವರ್ಷದ ಹಿಂದೆ ಭಾರತ, ಆಫ್ರಿಕಾ, ಅಂಟಾರ್ಕ್ಟಿಕಾ, ಆಸ್ಟ್ರೇಲಿಯಾ, ದಕ್ಷಿಣ ಅಮೆರಿಕಗಳು ಒಂದಕ್ಕೊಂದು ಅಂಟಿಕೊಂಡು ಗೊಂಡ್ವಾನ ಎಂಬ ಮಹಾಖಂಡವಾಗಿದ್ದವು. ನಮ್ಮ ಭಾಗ ದಕ್ಷಿಣ ಧ್ರುವದ ಕಡೆಗಿತ್ತು, ಹಿಮದ ಹಾಸು ಮುಚ್ಚಿಕೊಂಡಿತ್ತು. ಆ ಹಿಮನದಿಗಳು ಉರುಳಿಸಿ ತಂದ ಗುಂಡುಕಲ್ಲುಗಳು ಒಡಿಶಾದ ತಾಲ್ಚೇರಿನಲ್ಲಿ ಇವತ್ತೂ ಸಿಗುತ್ತವೆ. ಹಿಮ ಕರಗಿದ ಮೇಲೆ ಆ ತಂಪು ನಾಡಿನಲ್ಲಿ ಗ್ಲಾಸೊಪ್ಟೆರಿಸ್ ಎಂಬ ಮರಗಳ ಕಾಡು ಬೆಳೆಯಿತು; ನಾಲಗೆಯಾಕಾರದ ಅದರ ಎಲೆಯ ಅಚ್ಚು ಕಲ್ಲಿದ್ದಲಿನ ಪದರಗಳ ನಡುವಿನ ಕಲ್ಲಿನ ಮೇಲೆ ನರನರವೂ ಕಾಣುವಂತೆ ಉಳಿದಿದೆ. ಇದೇ ಹೊತ್ತಿನಲ್ಲಿ ಭೂಚಿಪ್ಪು ಎಳೆತಕ್ಕೆ ಸಿಕ್ಕಿ ಬಿರಿದು, ಉದ್ದನೆಯ ನೆಲಪಟ್ಟಿಗಳು ಕೆಳಕ್ಕೆ ಕುಸಿಯತೊಡಗಿದವು. ದಾಮೋದರ, ಸೋನ್, ಮಹಾನದಿ, ಗೋದಾವರಿ ಕಣಿವೆಗಳು ಹುಟ್ಟಿದ್ದು ಹಾಗೆ. ಕುಸಿದಷ್ಟೂ ಹೂಳು ತುಂಬಿತು. ಹೂಳಿನಡಿ ಕಾಡಿನ ಮೇಲೆ ಕಾಡು ಸಮಾಧಿಯಾಯಿತು. ಇಂದಿನ ಭಾರತದ ಕಲ್ಲಿದ್ದಲಿನ ಬಹುತೇಕ ಎಲ್ಲವೂ ಈ ಕುಸಿದ ಕಣಿವೆಗಳದ್ದೇ.

ಕರ್ನಾಟಕ ಕುಸಿಯಲಿಲ್ಲ. ಧಾರವಾಡ ಭೂಖಂಡ ಎಂದು ಭೂವಿಜ್ಞಾನಿಗಳು ಕರೆಯುವ ನಮ್ಮ ಗಟ್ಟಿ ನೆಲ ಆ ಕಾಲದುದ್ದಕ್ಕೂ ಎತ್ತರದಲ್ಲೇ ನಿಂತಿತ್ತು. ಇಲ್ಲಿಯೂ ಆಗ ಕಾಡು ಇದ್ದಿರಬಹುದು. ಎತ್ತರದ ನೆಲದಲ್ಲಿ ಬಿದ್ದ ಎಲೆ, ಕೊಂಬೆ ಕೊಳೆತು ಗಾಳಿಗೆ ಸೇರುತ್ತವೆ. ಮಳೆ ಮೇಲ್ಮಣ್ಣನ್ನು ತೊಳೆದು ಒಯ್ಯುತ್ತದೆ. ಉಳಿಸಿಕೊಳ್ಳುವ ತಗ್ಗು ಇಲ್ಲದ ಕಡೆ ಕಲ್ಲಿದ್ದಲು ಕೂಡುವುದಿಲ್ಲ. ನಮ್ಮ ನೆಲದ ಗಟ್ಟಿತನವೇ ನಮಗೆ ಕಲ್ಲಿದ್ದಲನ್ನು ತಪ್ಪಿಸಿತು.

ಬ್ರಿಟಿಷರು 1851ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯನ್ನು ಕಟ್ಟಿದ್ದೇ ಮುಖ್ಯವಾಗಿ ಕಲ್ಲಿದ್ದಲಿಗಾಗಿ. ಹಬೆ ಹಡಗು, ಹಬೆ ರೈಲಿನ ಕಾಲ ಅದು. ಆ ಸಂಸ್ಥೆಯ ವಿಲಿಯಂ ಕಿಂಗ್ 1871ರಲ್ಲಿ ಯೆಲ್ಲಂದು ಬಳಿ ಕಲ್ಲಿದ್ದಲು ಪತ್ತೆಹಚ್ಚಿದ್ದು ಸಿಂಗರೇಣಿಯ ಮೂಲ. ಅದೇ ಸಂಸ್ಥೆಯ ರಾಬರ್ಟ್ ಬ್ರೂಸ್ ಫೂಟ್ ಬಂದದ್ದು ನಮ್ಮ ಕಡೆಗೆ. ಬೆಳಗಾವಿ, ಬಾಗಲಕೋಟೆ, ಧಾರವಾಡ ಸೀಮೆಯನ್ನು ಅಲೆದು 1876ರಲ್ಲಿ ದೊಡ್ಡ ವರದಿ ಬರೆದರು. 1895ರಲ್ಲಿ ಬಳ್ಳಾರಿ ಜಿಲ್ಲೆಯ ಭೂರಚನೆಯ ಗ್ರಂಥ ಬಂತು. ಧಾರವಾಡದ ಹೆಸರನ್ನು ಲೋಕದ ಭೂವಿಜ್ಞಾನದ ಪುಸ್ತಕಗಳಿಗೆ ಸೇರಿಸಿದವರು ಅವರೇ. ಮದರಾಸಿನ ಪಲ್ಲಾವರಂನಲ್ಲಿ 1863ರಲ್ಲಿ ಹಳೆ ಶಿಲಾಯುಗದ ಕೈಗೊಡಲಿಯನ್ನು ಹೆಕ್ಕಿ ಭಾರತದ ಪ್ರಾಗಿತಿಹಾಸಕ್ಕೆ ದಾರಿ ತೆರೆದವರೂ ಇವರೇ. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆ ಶುರುಮಾಡಿದಾಗ ಅದರ ಮೊದಲ ಮುಖ್ಯಸ್ಥರಾದರು. ಸ್ವಂತ ಭೂವಿಜ್ಞಾನ ಇಲಾಖೆಯನ್ನು ಅಷ್ಟು ಮುಂಚೆ ಕಟ್ಟಿದ ದೇಶೀ ಸಂಸ್ಥಾನ ಎಂಬ ಹೆಮ್ಮೆಗೆ ಮೈಸೂರು ಪಾತ್ರವಾಗಿದೆ. ಫೂಟರ ನಂತರ ಬಂದ ಸ್ಮೀತ್ 1916ರಲ್ಲಿ ಇಡೀ ಸಂಸ್ಥಾನದ ಭೂವಿಜ್ಞಾನ ನಕ್ಷೆಯನ್ನು ಹೊರತಂದರು. ಜೀಪಿಲ್ಲ, ಉಪಗ್ರಹವಿಲ್ಲ, ಎತ್ತಿನಗಾಡಿ, ಕುದುರೆ, ಕಾಲ್ನಡಿಗೆಯಲ್ಲೇ ಆದ ಕೆಲಸ.

ಸುಡದ ಕರಿಕಲ್ಲು

ಇಷ್ಟೆಲ್ಲ ಗೊತ್ತಿದ್ದರೂ ‘ನಮ್ಮ ಹೊಲದಲ್ಲಿ ಕಲ್ಲಿದ್ದಲು ಸಿಕ್ಕಿದೆ’ ಎಂಬ ಮಾತು ಹಳ್ಳಿಗಳಲ್ಲಿ ಹುಟ್ಟುತ್ತಲೇ ಇರುತ್ತದೆ. ಅದು ಹುಟ್ಟಲು ಕಾರಣವೂ ಇದೆ. ಚಿತ್ರದುರ್ಗದಂಥ ಸೀಮೆಯಲ್ಲಿ ಬೋರ್‌ವೆಲ್ ಕೊರೆಯುವಾಗ ಕಡುಗಪ್ಪು ಹುಡಿ ಮೇಲೆ ಬರುವುದುಂಟು. ಬಾವಿ ತೋಡುವಾಗ ಕರಿ ಬಣ್ಣದ, ಹಾಳೆಹಾಳೆಯಾಗಿ ಏಳುವ ಮಿನುಗುಕಲ್ಲು ಸಿಗುತ್ತದೆ. ಅದನ್ನು ಕೈಯಲ್ಲಿ ಹಿಡಿದು ನೋಡಿ. ಕಲ್ಲಿದ್ದಲಾದರೆ ಗಾತ್ರಕ್ಕೆ ಹೋಲಿಸಿದರೆ ಹಗುರ. ಅಷ್ಟೇ ಗಾತ್ರದ ನೀರಿಗಿಂತ ಮೂರನೇ ಒಂದು ಪಾಲಿನಷ್ಟು ಮಾತ್ರ ಹೆಚ್ಚು ಭಾರ. ಈ ಕಲ್ಲು ನೀರಿಗಿಂತ ಎರಡೂವರೆ ಪಟ್ಟಿಗೂ ಮಿಕ್ಕಿದ ಭಾರವಿದ್ದು ಅಂಗೈಯನ್ನು ಜಗ್ಗುತ್ತದೆ. ಕಾಗದದ ಮೇಲೆ ಎಳೆದರೆ ಬೂದುಗಪ್ಪು ಗೆರೆ ಬೀಳುತ್ತದೆ, ಬೆರಳಿಗೆ ಜಿಡ್ಡಿನಂತೆ ಹತ್ತುತ್ತದೆ. ಒಲೆಯಲ್ಲಿಟ್ಟು ಎಷ್ಟು ಊದಿದರೂ ಹೊತ್ತಿಕೊಳ್ಳುವುದಿಲ್ಲ. ಇದು ಇಂಗಾಲ ಬೆರೆತ ಫಿಲೈಟ್. ಇಂಗಾಲದ ಅಂಶ ಹೆಚ್ಚು ಬೆಂದಲ್ಲಿ ಪೆನ್ಸಿಲಿನೊಳಗಿನ ಗ್ರಾಫೈಟ್.

ನಿರಾಸೆಪಡುವ ಮೊದಲು ಆ ಇಂಗಾಲ ಎಲ್ಲಿಂದ ಬಂತು ಎಂದು ಕೇಳಬೇಕು. 250 ಕೋಟಿ ವರ್ಷಕ್ಕೂ ಹಿಂದೆ ಇಲ್ಲಿದ್ದ ಆಳವಲ್ಲದ ಕಡಲಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿದ್ದವು. ಸೂರ್ಯನ ಬೆಳಕಿನಲ್ಲಿ ಆಹಾರ ತಯಾರಿಸಿಕೊಳ್ಳುವ ನೀಲಿಹಸಿರು ಸೂಕ್ಷ್ಮಜೀವಿಗಳು ಪದರಪದರವಾಗಿ ಬೆಳೆದು ಬಿಟ್ಟುಹೋದ ಸ್ಟ್ರೊಮಟೊಲೈಟ್ ಎಂಬ ಗುಮ್ಮಟಾಕಾರದ ರಚನೆಗಳು ತುಮಕೂರು ಜಿಲ್ಲೆಯ ದೊಡ್ಡಗುಣಿಯ ಸುಣ್ಣದಕಲ್ಲಿನಲ್ಲಿ, ಶಿವಮೊಗ್ಗದ ಕುಂಸಿಯ ಬಳಿ, ಸಂಡೂರಿನಲ್ಲಿ ದೊರೆತಿವೆ. ಕೆಸರಿನಲ್ಲಿ ಹೂತುಹೋದ ಆ ಕಾಲದ ಜೀವದ ಶೇಷ ಈ ಕರಿಕಲ್ಲಿನಲ್ಲಿದೆ. ಉರಿಯಲು ಬಾರದಿದ್ದರೂ ಅದು ನಮ್ಮ ನಾಡಿನ ಅತಿ ಹಳೆಯ ಜೀವದ ಗುರುತು.

ಎಣ್ಣೆಯ ಲೆಕ್ಕವೂ ಇಲ್ಲೇ ಬಗೆಹರಿಯುತ್ತದೆ. ಪೆಟ್ರೋಲಿಯಂ ಹುಟ್ಟಲು ಮರ ಬೇಕಿಲ್ಲ. ಕಡಲಿನ ಪಾಚಿ, ಸೂಕ್ಷ್ಮಜೀವಿಗಳ ಉಳಿಕೆ ನುಣ್ಣನೆಯ ಕೆಸರಿನಲ್ಲಿ ಬೆರೆತರೆ ಸಾಕು. ಆದರೆ ಕಾವು ಹದವಾಗಿರಬೇಕು. ಎರಡರಿಂದ ನಾಲ್ಕು ಕಿಲೋಮೀಟರ್ ಆಳದಲ್ಲಿ, 60ರಿಂದ 120 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ, ಲಕ್ಷಾಂತರ ವರ್ಷ ಬೇಯಬೇಕು. ಕಾವು ಮೀರಿದರೆ ಅದು ಅನಿಲವಾಗುತ್ತದೆ, ಇನ್ನೂ ಮೀರಿದರೆ ಬರೀ ಗ್ರಾಫೈಟ್. ಧಾರವಾಡ ಶಿಲೆಗಳು ಬೆಟ್ಟ ಏಳುವ ಅಬ್ಬರದಲ್ಲಿ ನಾಲ್ಕುನೂರು ಐನೂರು ಡಿಗ್ರಿಯನ್ನೂ ಕಂಡಿವೆ. ಒಲೆಯ ಮೇಲೆ ಮರೆತುಬಿಟ್ಟ ಪಾತ್ರೆಯ ತಳದಲ್ಲಿ ಕರಕಲು ಉಳಿದಂತೆ ಇಲ್ಲಿ ಇಂಗಾಲ ಉಳಿದಿದೆ, ಎಣ್ಣೆ ಉಳಿದಿಲ್ಲ. ಎಣ್ಣೆ ಹುಟ್ಟಿದರೂ ಅದನ್ನು ಹಿಡಿದಿಡುವ ರಂಧ್ರಮಯ ಶಿಲೆ, ಮೇಲೆ ಸೋರದಂತೆ ಮುಚ್ಚುವ ಜೇಡಿಶಿಲೆ, ಎರಡೂ ಸರಿಯಾದ ಮಡಿಕೆಯಲ್ಲಿ ಸಿಗಬೇಕು. ಅಸ್ಸಾಮಿನ ದಿಗ್ಬೋಯ್‌ನಲ್ಲಿ 1889ರಲ್ಲಿ, ಮುಂಬೈ ಕಡಲಿನಲ್ಲಿ 1974ರಲ್ಲಿ ಎಣ್ಣೆ ಸಿಕ್ಕಿದ್ದು ಇವೆಲ್ಲ ಕೂಡಿಬಂದ ಎಳೆಯ ಶಿಲೆಗಳಲ್ಲಿ.

ನಮ್ಮಲ್ಲೂ ಅಷ್ಟೇನೂ ಬೇಯದ ಪದರಶಿಲೆಗಳಿವೆ. ಬಾಗಲಕೋಟೆ ಕಡೆಯ ಕಲಾದಗಿ ಶಿಲೆಗಳು, ಚಾಲುಕ್ಯರು ಗುಹೆ ಕೊರೆದ ಬಾದಾಮಿಯ ಕೆಂಪು ಮರಳುಗಲ್ಲು, ಕಲಬುರ್ಗಿ ಮತ್ತು ಯಾದಗಿರಿಯ ಭೀಮಾ ಸುಣ್ಣದಕಲ್ಲು. ನಮ್ಮ ಎಷ್ಟೋ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲು ಈ ಭೀಮಾ ಪದರಗಳದ್ದು. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು ಅದನ್ನೇ ನಂಬಿವೆ. ಇವೂ ಕಾಡು ಹುಟ್ಟುವ ಮೊದಲಿನವೇ, ಹಾಗಾಗಿ ಇಲ್ಲೂ ಕಲ್ಲಿದ್ದಲಿಲ್ಲ. ಬೀದರ್, ವಿಜಯಪುರ, ಕಲಬುರ್ಗಿಯ ಬಹುಭಾಗವನ್ನು ಮುಚ್ಚಿರುವ ದಖನ್ ಟ್ರ್ಯಾಪ್ ಕೇವಲ 6.6 ಕೋಟಿ ವರ್ಷದ ಲಾವಾ. ಲಾವಾದಲ್ಲಿ ಎಣ್ಣೆ ಹುಟ್ಟುವುದಿಲ್ಲ. ಕೊಂಕಣ ಮತ್ತು ಕೇರಳದ ಕರಾವಳಿಯಾಚೆ ಕಡಲಾಳದಲ್ಲಿ ಬಾವಿ ಕೊರೆದು ನೋಡಿದ್ದಾರೆ. ವಾಣಿಜ್ಯ ಪ್ರಮಾಣದ ಎಣ್ಣೆ ಸಿಕ್ಕಿಲ್ಲ.

ಹಳೆಯ ನೆಲ ಕೊಟ್ಟದ್ದು

ಹಾಗಾದರೆ ಇಷ್ಟು ವಯಸ್ಸಾದ ನೆಲ ಕೊಟ್ಟದ್ದೇನು? ಚಿತ್ರದುರ್ಗದಿಂದ ಹಿರಿಯೂರಿನ ಕಡೆ ಹೋಗುವಾಗ ಐಮಂಗಲದ ಹತ್ತಿರ ಮರಡಿಹಳ್ಳಿ ಎಂಬ ಊರಿದೆ. ಅಲ್ಲಿನ ಹಸಿರುಗಪ್ಪು ಬಂಡೆಯ ಮೇಲೆ ಮೊಳದುದ್ದದ ದುಂಡು ದುಂಡು ಆಕೃತಿಗಳು ಒಂದರ ಮೇಲೊಂದು ಒತ್ತಿಕೊಂಡಿವೆ. ಪ್ರತಿಯೊಂದರ ಅಂಚಿನಲ್ಲೂ ನುಣ್ಣನೆಯ ಕಡುಬಣ್ಣದ ಸಿಪ್ಪೆ. ಒಳಗೆ ಕಣ ದಪ್ಪ. ಕೆಳಗಿನ ಎರಡರ ಸಂದಿಗೆ ಮೇಲಿನದರ ಬಾಲ ಚೂಪಾಗಿ ಇಳಿದಿರುತ್ತದೆ. ಸಮುದ್ರದ ತಳದಲ್ಲಿ ಉಕ್ಕಿದ ಲಾವಾ ತಣ್ಣೀರು ತಾಗಿದ ಕ್ಷಣ ಹೊರಗೆ ಸಿಪ್ಪೆ ಕಟ್ಟಿ, ಒಳಗಿನ ಬಿಸಿ ಪಾಕ ಉಬ್ಬಿ, ಪಕ್ಕದಲ್ಲಿ ಇನ್ನೊಂದು ಉಂಡೆಯಾಗಿ ಹೊರಳಿದೆ. ಈ ದಿಂಬು ಲಾವಾ ಇರುವ ಕಡೆ ಒಂದು ಕಾಲಕ್ಕೆ ಕಡಲಿತ್ತು ಎಂಬುದು ಖಾತ್ರಿ. ಬಾಲ ಯಾವ ಕಡೆಗೆ ಇಳಿದಿದೆ ಎಂದು ನೋಡಿ, ಮಡಚಿ ಮಗುಚಿದ ಪದರಗಳಲ್ಲಿ ಮೇಲ್ಭಾಗ ಯಾವುದಿತ್ತು ಎಂದು ಭೂವಿಜ್ಞಾನಿ ಹೇಳುತ್ತಾರೆ. ಮಳೆ ಬಾರದೆ ಬಿರಿಯುವ ಚಿತ್ರದುರ್ಗದ ಸೀಮೆಯಲ್ಲಿ ನಿಂತು ಕಡಲ ತಳವನ್ನು ಮುಟ್ಟಿ ನೋಡಬಹುದು ಎಂಬುದನ್ನು ಎಷ್ಟು ಜನಕ್ಕೆ ಹೇಳಿದ್ದೇವೆ?

ಚಿನ್ನದ ಕಥೆ ಶುರುವಾಗುವುದು ಇಂಥ ಲಾವಾದಿಂದಲೇ. ಕಡಲ ತಳದ ಈ ಲಾವಾ, ಕೆಸರು ಎಲ್ಲವೂ ಆಮೇಲೆ ಮಡಚಿ, ಆಳಕ್ಕೆ ಇಳಿದು, ಬಿರುಕುಬಿಟ್ಟವು. ಸುಮಾರು 250 ಕೋಟಿ ವರ್ಷದ ಹಿಂದೆ ಆ ಬಿರುಕುಗಳಲ್ಲಿ ಬಿಸಿ ನೀರು ಮೇಲಕ್ಕೇರಿತು. ದಾರಿಯುದ್ದಕ್ಕೂ ಶಿಲೆಗಳಲ್ಲಿ ಚೂರುಪಾರು ಹರಡಿದ್ದ ಚಿನ್ನವನ್ನು ಕರಗಿಸಿಕೊಂಡು ಬಂದ ಆ ನೀರು, ಒತ್ತಡ ಇಳಿದಲ್ಲಿ, ಕಬ್ಬಿಣವಿರುವ ಶಿಲೆ ತಾಗಿದಲ್ಲಿ, ಬೆಣಚುಕಲ್ಲಿನ ಎಳೆಗಳೊಂದಿಗೆ ಚಿನ್ನವನ್ನೂ ಬಿಟ್ಟುಹೋಯಿತು. ಕೋಲಾರದ ಚಾಂಪಿಯನ್ ರೀಫ್, ಹಟ್ಟಿಯ ರೀಫ್‌ಗಳು, ಗದಗ ಸೀಮೆಯ ಚಿನ್ನ ಎಲ್ಲದರ ಹಿಂದೆಯೂ ಸ್ಥೂಲವಾಗಿ ಇದೇ ಕಥೆ. ಒಂದು ಟನ್ ಅದಿರಿನಲ್ಲಿ ಕೆಲವೇ ಗ್ರಾಂ. ಬರಿಗಣ್ಣಿಗೆ ಚಿನ್ನ ಕಾಣುವುದು ಅಪರೂಪ.

ಹೀಗಿದ್ದರೂ ಹಟ್ಟಿಯಲ್ಲಿ ಎರಡು ಸಾವಿರ ವರ್ಷದ ಹಿಂದೆಯೇ ಜನ ಚಿನ್ನ ತೆಗೆದಿದ್ದರು. ಆಧುನಿಕ ಗಣಿಗಾರರು ಇಳಿದಾಗ ನೂರೈವತ್ತು ಮೀಟರಿಗೂ ಹೆಚ್ಚು ಆಳದವರೆಗೆ ಹಳೆಯವರ ಸುರಂಗಗಳು ಕಂಡವು. ಅವರು ಬಿಟ್ಟುಹೋದ ಮರದ ಆಸರೆ ತುಂಡುಗಳ ಇಂಗಾಲದಿಂದಲೇ ಕಾಲ ತಿಳಿಯಿತು. ಬಂಡೆಗೆ ಬೆಂಕಿ ಹಚ್ಚಿ, ಕಾದ ಮೇಲೆ ನೀರು ಸುರಿದು ಬಿರಿಯುವಂತೆ ಮಾಡಿ, ಕಬ್ಬಿಣದ ಉಳಿಯಿಂದ ಕೆತ್ತಿ ತೆಗೆದ ಕೆಲಸ ಅದು. ಬೆಳಕು, ಗಾಳಿ ಎರಡೂ ಸಾಲದ ಆ ಬಿಲಗಳಲ್ಲಿ ದುಡಿದವರು ಯಾರು ಎಂದು ಯಾವ ಶಾಸನವೂ ಹೇಳುವುದಿಲ್ಲ. ಹತ್ತಿರದ ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಶಾಸನವನ್ನು ಕಂಡವರು ಪುರಾತತ್ವಜ್ಞರಲ್ಲ. ನಿಜಾಮನ ಸೀಮೆಯಲ್ಲಿ ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್. ದೇವಾನಾಂಪ್ರಿಯ ಎಂಬ ಬಿರುದಿನ ರಾಜ ಅಶೋಕನೇ ಎಂದು ಖಚಿತವಾದದ್ದು ಆ ಬಂಡೆಯಿಂದ.

ಕೋಲಾರದ ಬಗ್ಗೆ ನಮ್ಮವರು ಬಹಳ ಬರೆದಿದ್ದಾರೆ, ಸಿನಿಮಾನೂ ಬಂದಾಗಿದೆ. ಮೂರು ಕಿಲೋಮೀಟರ್ ಮೀರಿದ ಆಳ, ಒಟ್ಟು ಸುಮಾರು 800 ಟನ್ ಚಿನ್ನ, 1902ರಲ್ಲಿ ಶಿವನಸಮುದ್ರದಿಂದ ಬಂದ ವಿದ್ಯುತ್, 2001ರ ಫೆಬ್ರುವರಿ 28ರಂದು ಮುಚ್ಚಿದ ಬಾಗಿಲು ಇವು ಎಲ್ಲರಿಗೂ ಗೊತ್ತು. ಅಷ್ಟು ಆಳದಲ್ಲಿ ಒತ್ತಡ ತಾಳದೆ ಬಂಡೆ ಸಿಡಿದು ಕಾರ್ಮಿಕರು ಸಾಯುತ್ತಿದ್ದರು. ಆ ಸಾವುಗಳನ್ನು ತಡೆಯಲು ಹೊರಟ ಅಧ್ಯಯನದ ಘಟಕವೇ ಬೆಳೆದು 1988ರಲ್ಲಿ ರಾಷ್ಟ್ರೀಯ ಶಿಲಾಯಂತ್ರಶಾಸ್ತ್ರ ಸಂಸ್ಥೆಯಾಯಿತು. ಅಣೆಕಟ್ಟು, ಸುರಂಗ, ಭೂಗತ ವಿದ್ಯುದಾಗಾರಗಳಿಗೆ ಇಂದು ಬೇಕಾಗುವ ಬಂಡೆಯ ತಿಳಿವಳಿಕೆಗೆ ಕೋಲಾರದ ಕಾರ್ಮಿಕರು ಜೀವ ತೆತ್ತಿದ್ದಾರೆ.

ಸಂಡೂರಿನ ಕಬ್ಬಿಣಕ್ಕೆ ಬಂದರೆ ಜೀವದ ನಂಟು ಮತ್ತೆ ಕಾಣುತ್ತದೆ. ಆದಿಕಾಲದ ಕಡಲಿನಲ್ಲಿ ಕಬ್ಬಿಣ ನೀರಿನಲ್ಲಿ ಕರಗಿಕೊಂಡಿತ್ತು. ಸೂಕ್ಷ್ಮಜೀವಿಗಳು ಹೊರಬಿಟ್ಟ ಆಮ್ಲಜನಕ ತಾಗಿದಾಗ ಅದು ತುಕ್ಕಾಗಿ ತಳಕ್ಕಿಳಿಯಿತು. ಬೆಣಚಿನ ಒಂದು ಪದರ, ಕಬ್ಬಿಣದ ಒಂದು ಪದರ. ಹೀಗೆ ಕೆಂಪು, ಕಪ್ಪು, ಬಿಳಿ ಪಟ್ಟೆಗಳು ಕೂಡಿದವು. ಮುಂದೆ ಕೋಟ್ಯಂತರ ವರ್ಷಗಳ ಮಳೆನೀರು ಬೆಣಚನ್ನು ತೊಳೆದು ಒಯ್ದಲ್ಲಿ ಶುದ್ಧ ಅದಿರು ಉಳಿಯಿತು. ಅಷ್ಟು ಕಾಲ ಹಿಡಿದ ಕೆಲಸವನ್ನು ನಾವು ಒಂದು ದಶಕದಲ್ಲಿ ಲಾರಿಗೆ ತುಂಬಿ ಬಂದರಿಗೆ ಸಾಗಿಸಿದ್ದು, 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಯನ್ನೇ ನಿಲ್ಲಿಸಬೇಕಾಗಿ ಬಂದದ್ದು ನಾಡಿಗೆ ಗೊತ್ತು. ಅದಿರು ಮತ್ತೆ ಬೆಳೆಯುವುದಿಲ್ಲ. ಅದನ್ನು ಬೆಳೆಸಿದ ಕಡಲು ಈಗ ಭೂಮಿಯ ಮೇಲೆ ಎಲ್ಲೂ ಇಲ್ಲ.

ಎಣ್ಣೆ ಇಲ್ಲದ ನೆಲದ ಎಣ್ಣೆ ಉಗ್ರಾಣ

ಎಣ್ಣೆ ಹುಟ್ಟಿಸಲು ಬಾರದ ಈ ಗಟ್ಟಿ ಬಂಡೆಗೆ ಎಣ್ಣೆಯನ್ನು ಕಾಪಾಡುವ ಕೆಲಸ ಸಿಕ್ಕಿದೆ. ಯುದ್ಧವೋ ಇನ್ನೇನೋ ಆಗಿ ಕಚ್ಚಾತೈಲ ಬರುವುದು ನಿಂತರೆ ಇರಲಿ ಎಂದು ಕೇಂದ್ರ ಸರ್ಕಾರ ಮೂರು ಕಡೆ ಭೂಗತ ಸಂಗ್ರಹಾಗಾರ ಮಾಡಿದೆ: ವಿಶಾಖಪಟ್ಟಣ, ಮಂಗಳೂರು ಮತ್ತು ಉಡುಪಿ ಜಿಲ್ಲೆಯ ಪಾದೂರು. ಒಟ್ಟು 53.3 ಲಕ್ಷ ಟನ್ ಸಾಮರ್ಥ್ಯ. ಅದರಲ್ಲಿ ಮಂಗಳೂರಿನದು 15 ಲಕ್ಷ, ಪಾದೂರಿನದು 25 ಲಕ್ಷ. ಅಂದರೆ ದೇಶದ ಆಪತ್ಕಾಲದ ತೈಲದಲ್ಲಿ ನಾಲ್ಕನೇ ಮೂರು ಪಾಲಿಗೆ ಜಾಗ ಕೊಟ್ಟಿರುವುದು ನಮ್ಮ ಕರಾವಳಿಯ ಬಂಡೆ.

ಒಳಗೆ ಉಕ್ಕಿನ ಟ್ಯಾಂಕ್ ಇಲ್ಲ, ಕಾಂಕ್ರೀಟಿನ ತೊಟ್ಟಿಯಿಲ್ಲ. ಹತ್ತಂತಸ್ತಿನ ಕಟ್ಟಡದಷ್ಟು ಎತ್ತರದ ಗುಹೆಗಳನ್ನು ಬಂಡೆಯಲ್ಲೇ ಕೊರೆದು ಎಣ್ಣೆಯನ್ನು ನೇರ ಕಲ್ಲಿನ ಮಡಿಲಿಗೆ ಬಿಡುತ್ತಾರೆ. ಸೋರುವುದಿಲ್ಲವೇ? ಸೋರದಂತೆ ತಡೆಯುವುದು ನೀರು. ಗುಹೆಯನ್ನು ಅಂತರ್ಜಲ ಮಟ್ಟಕ್ಕಿಂತ ಸಾಕಷ್ಟು ಕೆಳಗೆ ಕೊರೆದಿರುತ್ತಾರೆ. ಸುತ್ತಲಿನ ಬಂಡೆಯ ಕೂದಲೆಳೆಯಷ್ಟು ಬಿರುಕುಗಳಲ್ಲೂ ತುಂಬಿರುವ ನೀರಿನ ಒತ್ತಡ ಒಳಗಿನ ಎಣ್ಣೆಯ ಒತ್ತಡಕ್ಕಿಂತ ಹೆಚ್ಚಿರುವುದರಿಂದ ಎಣ್ಣೆ ಹೊರಗೆ ಹೋಗಲಾರದು. ನೀರೇ ಹನಿಹನಿಯಾಗಿ ಒಳಗೆ ಜಿನುಗುತ್ತದೆ. ಎಣ್ಣೆಗಿಂತ ಭಾರವಾದ್ದರಿಂದ ತಳದಲ್ಲಿ ನಿಲ್ಲುವ ಆ ನೀರನ್ನು ಪಂಪ್ ಮಾಡಿ ತೆಗೆಯುತ್ತಾರೆ. ಒತ್ತಡ ಬೀಳಬಾರದೆಂದು ಗುಹೆಯ ಮೇಲ್ಗಡೆ ಬೇರೆ ಸುರಂಗಗಳಿಂದ ತೂತು ಕೊರೆದು ಸದಾ ನೀರು ಉಣಿಸುತ್ತಾರೆ. ಅದಕ್ಕೆ ನೀರಿನ ಪರದೆ ಎಂದೇ ಹೆಸರು. ಕೋಟ್ಯಂತರ ವರ್ಷ ಅಲುಗದೆ ನಿಂತ ನೆಲವಾದ್ದರಿಂದ ಇದು ಸಾಧ್ಯ. ಆ ಊರುಗಳ ಬಾವಿಗಳ ನೀರಿನ ಮಟ್ಟ, ನೀರಿನ ಗುಣ ಹೇಗಿದೆ ಎಂಬ ಲೆಕ್ಕವನ್ನು ವರ್ಷವರ್ಷವೂ ಜನರ ಮುಂದಿಡುವುದು ಮಾತ್ರ ಈ ಯೋಜನೆ ನಡೆಸುವವರ ಕರ್ತವ್ಯ. ನೆಲ ಕೊಟ್ಟವರಿಗೆ ಅದನ್ನು ಕೇಳುವ ಹಕ್ಕಿದೆ.

ಈಗ ಬ್ಯಾಟರಿಯ ಕಾಲ ಬರುತ್ತಿದೆ. ಮಂಡ್ಯ ಜಿಲ್ಲೆಯ ಮಾರ್ಲಗಲ್ಲದಲ್ಲಿ ಲಿಥಿಯಂ ಇದೆ ಎಂದಾಗ 2020ರ ಸುಮಾರಿಗೆ 14,100 ಟನ್ ಎಂಬ ಅಂದಾಜು ದೊಡ್ಡ ಸುದ್ದಿಯಾಯಿತು. ಇನ್ನಷ್ಟು ಸಮೀಕ್ಷೆ ಮಾಡಿದ ಮೇಲೆ ಸರ್ಕಾರ ಸಂಸತ್ತಿನಲ್ಲಿ ಹೇಳಿದ ಪ್ರಾಥಮಿಕ ಅಂದಾಜು 1,600 ಟನ್. ಮೊದಲ ಅಂಕಿ ಮನೆಮನೆಗೆ ತಲುಪಿತು, ಎರಡನೆಯದು ಬಹಳ ಜನರಿಗೆ ತಲುಪಲೇ ಇಲ್ಲ. ನೆಲದೊಳಗಿನ ಲೆಕ್ಕ ಹೀಗೆಯೇ ಇರುತ್ತದೆ. ಮೇಲೆ ಕಂಡ ಎಳೆ ಕೆಳಗೆ ಸಪೂರವಾಗಬಹುದು, ತುಂಡಾಗಬಹುದು. ಕೊರೆದು ನೋಡದೆ ಗೊತ್ತಾಗದು. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ಇರುವುದು ಪರಮಾಣು ಖನಿಜ ನಿರ್ದೇಶನಾಲಯದ ವರ್ಷಗಟ್ಟಲೆಯ ಕೊರೆತದಿಂದ ದೃಢಪಟ್ಟಿದೆ. ಅದನ್ನು ತೆಗೆಯಬೇಕೇ ಬೇಡವೇ ಎಂಬುದು ಅಲ್ಲಿನ ನೀರು, ಕೃಷಿ, ಆರೋಗ್ಯಗಳನ್ನು ಮುಂದಿಟ್ಟುಕೊಂಡು ತೀರ್ಮಾನಿಸಬೇಕಾದ ಬೇರೆಯದೇ ಪ್ರಶ್ನೆ.

ಈ ಎಲ್ಲ ತೀರ್ಮಾನಗಳಿಗೆ ನೆಲ ಓದಬಲ್ಲವರು ಬೇಕು. ಬೆಂಗಳೂರಿನಲ್ಲಿ 1958ರಲ್ಲಿ ಭಾರತೀಯ ಭೂವಿಜ್ಞಾನ ಸಂಘವನ್ನು ಹುಟ್ಟುಹಾಕಿದವರಲ್ಲಿ ಪ್ರಮುಖರಾದ ಬಿ.ಪಿ. ರಾಧಾಕೃಷ್ಣ ಅವರು ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ನಿರ್ದೇಶಕರಾಗಿ ದುಡಿದರು, ಸಂಘದ ಪತ್ರಿಕೆಯನ್ನು ದಶಕಗಟ್ಟಲೆ ಸಂಪಾದಿಸಿ ಜಗತ್ತಿನ ಮಟ್ಟಕ್ಕೆ ಒಯ್ದರು, ಕನ್ನಡದಲ್ಲೂ ಬರೆದರು. ಅಂಥವರು ಕಟ್ಟಿದ ಪರಂಪರೆ ನಮ್ಮದು. ಆದರೆ ಭೂವಿಜ್ಞಾನವನ್ನು ಪದವಿಯಲ್ಲಿ ಕಲಿಸುವ ಕಾಲೇಜುಗಳು ನಮ್ಮಲ್ಲಿ ಕೈಬೆರಳೆಣಿಕೆಯಷ್ಟು; ಶಾಲೆಯ ಪಾಠದಲ್ಲಿ ಅದು ಭೂಗೋಳದ ಒಂದೆರಡು ಪುಟ. ಬೋರ್‌ವೆಲ್ ಕೊರೆಸಲು ತೆಂಗಿನಕಾಯಿ ಹಿಡಿದವರನ್ನು ಕರೆಯುವ ರೈತನನ್ನು ದೂರುವ ಮೊದಲು, ಅವನ ತಾಲ್ಲೂಕಿನ ಶಿಲಾನಕ್ಷೆಯನ್ನು ಕನ್ನಡದಲ್ಲಿ ಅವನ ಕೈಗೆ ಕೊಟ್ಟಿದ್ದೇವೆಯೇ ಎಂದು ಕೇಳಿಕೊಳ್ಳಬೇಕು. ಆ ನಕ್ಷೆಗಳು ಇಲಾಖೆಗಳಲ್ಲಿವೆ. ಗ್ರಾಮ ಪಂಚಾಯಿತಿಯ ಗೋಡೆಗೆ ಬರಬೇಕು.

ಮರಡಿಹಳ್ಳಿಯ ದಿಂಬು ಲಾವಾ, ಲಾಲ್‌ಬಾಗಿನ ಬಂಡೆ, ಮಲ್ಪೆಯಾಚೆಯ ಸೇಂಟ್ ಮೇರಿ ದ್ವೀಪದ ಕಂಬಶಿಲೆಗಳು, ಕೋಲಾರ ಗಣಿಯ ಬಳಿಯ ಲಾವಾ ಶಿಲೆಗಳು ಈ ನಾಲ್ಕೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ ಲಾವಾ ಸೇಂಟ್ ಮೇರಿ ದ್ವೀಪದಲ್ಲಿದೆ. ಅಲ್ಲಿಗೆ ಹೋದವರಲ್ಲಿ ಹೆಚ್ಚಿನವರು ಅದರ ಮೇಲೆ ನಿಂತು ಫೋಟೊ ತೆಗೆಸಿಕೊಂಡು ಬರುತ್ತಾರೆ. ಮುಂದಿನ ಸಲ ಮಕ್ಕಳೊಂದಿಗೆ ಹೊರಟಾಗ ಈ ಜಾಗಗಳಲ್ಲಿ ಒಂದನ್ನು ಪ್ರವಾಸದ ಪಟ್ಟಿಗೆ ಸೇರಿಸಿ. ಫಲಕ ಓದಿಸಿ, ಬಂಡೆ ಮುಟ್ಟಿಸಿ. ಹೆಸರು ಕೆತ್ತಲು, ತುಂಡು ಒಡೆದು ತರಲು ಯಾರನ್ನೂ ಬಿಡಬೇಡಿ. ನಿಮ್ಮೂರಿನ ಗುಡ್ಡದಲ್ಲೂ ಇಂಥ ಅಪರೂಪದ ಶಿಲೆಯಿದ್ದು ಅದಕ್ಕೆ ಕ್ವಾರಿಯವರು ಕೈಹಾಕಿದರೆ, ಜಿಲ್ಲೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಕೂಡಲೇ ಬರೆದು ತಿಳಿಸಿ.